ಥಾಯ್ಲೆಂಡಿನ ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ನಾನು ಗಂಗಾವತಿ ಕಡೆಯವಳು. ಬಿ.ಎಡ್. ಮುಗಿಸಿ ಈಶಾನ್ಯ ಥಾಯ್ಲೆಂಡಿನ ಈಸಾನ್ ಪ್ರದೇಶದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ವಾರಕ್ಕೆ 18 ತರಗತಿ, ಒಂದೊಂದರಲ್ಲಿ 45 ಮಕ್ಕಳು, ಪ್ರತಿ ತರಗತಿಗೆ ವಾರಕ್ಕೆ 50 ನಿಮಿಷದ ಒಂದೇ ಪಿರಿಯಡ್. ಮುಂದಿನ ಸಾಲು ಬಿಟ್ಟರೆ ಉಳಿದವರು ಮೊಬೈಲ್ ನೋಡುತ್ತಾರೆ, ಇಲ್ಲವೇ ಮಲಗುತ್ತಾರೆ. ಪ್ರಶ್ನೆ ಕೇಳಿದರೆ ನಕ್ಕು ತಲೆ ತಗ್ಗಿಸುತ್ತಾರೆ. ಮೂರು ತಿಂಗಳಿಗೇ ಉತ್ಸಾಹ ಬತ್ತಿದೆ, ಒಪ್ಪಂದ ಮುಗಿಯಲು ಇನ್ನೂ ಏಳು ತಿಂಗಳಿದೆ. ಏನು ಮಾಡಲಿ?

*

ನೋಡವ್ವ ತಂಗಿ, ಮೊದಲು ಆ ನಗುವಿನ ಅರ್ಥ ತಿಳಿದುಕೋ. ಅದು ತಾತ್ಸಾರವಲ್ಲ. ನಾಲ್ಕು ಮಂದಿ ಮುಂದೆ ತಪ್ಪಿ ಮುಖ ಕಳೆದುಕೊಳ್ಳುವುದು ಥಾಯ್ ಮಕ್ಕಳಿಗೆ ಬಹಳ ಕಷ್ಟದ ಸಂಗತಿ. ಒಬ್ಬನನ್ನೇ ಎಬ್ಬಿಸಿ ನಿಲ್ಲಿಸಿದರೆ ಉತ್ತರ ಗೊತ್ತಿದ್ದವನೂ ನಗುತ್ತಾನೆ. ಅದರ ಮೇಲೆ, ಈಸಾನಿನ ಮಗುವಿಗೆ ಇಂಗ್ಲಿಷ್ ಮೂರನೆಯ ಭಾಷೆ. ಮನೆಯಲ್ಲಿ ಲಾವೋಗೆ ಹತ್ತಿರದ ಈಸಾನ್ ಮಾತು, ಶಾಲೆಯಲ್ಲಿ ಥಾಯ್. ನಮ್ಮ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಉರ್ದು ಇಲ್ಲವೇ ಲಂಬಾಣಿ ಆಡುತ್ತ ಬೆಳೆದು, ಶಾಲೆಗೆ ಬಂದು ಕನ್ನಡ ಕಲಿತು, ಆಮೇಲೆ ಇಂಗ್ಲಿಷ್ ಹೊರುವ ಹುಡುಗ ಎಷ್ಟು ತಡವಾಗಿ ಬಾಯಿ ಬಿಡುತ್ತಾನೆ ಎಂಬುದನ್ನು ನೀನು ಕಂಡವಳೇ.

ಈಗ ಲೆಕ್ಕ ಹಾಕು. ಹಾಜರಿ, ನಮಸ್ಕಾರ ಕಳೆದು 40 ನಿಮಿಷ ಉಳಿಯುತ್ತದೆ. ಒಬ್ಬೊಬ್ಬರನ್ನೇ ಮಾತಾಡಿಸುತ್ತ ಹೋದರೆ ಒಂದು ಮಗುವಿನ ಪಾಲಿಗೆ ಒಂದು ನಿಮಿಷವೂ ಬರುವುದಿಲ್ಲ. ಉಳಿದ ಹೊತ್ತೆಲ್ಲ ಆ ಮಗು ಸುಮ್ಮನೆ ಕೂತಿರಬೇಕು, ಮೊಬೈಲ್ ಕೈಗೆ ಬರುವುದೇ ಆಗ. ಅದೇ ಮಕ್ಕಳನ್ನು ಜೋಡಿ ಮಾಡಿ 8 ನಿಮಿಷ ಬಿಟ್ಟರೆ ಪ್ರತಿಯೊಬ್ಬರಿಗೂ 4 ನಿಮಿಷ ಮಾತು ಸಿಗುತ್ತದೆ, ತಪ್ಪಿದರೂ ಪಕ್ಕದವನಿಗೆ ಮಾತ್ರ ಗೊತ್ತಾಗುತ್ತದೆ. ಬೆಸಸಂಖ್ಯೆಯಲ್ಲಿ ಉಳಿದವನನ್ನು ಮೂವರ ಗುಂಪಿಗೆ ಸೇರಿಸು, ನಿನ್ನ ಜೋಡಿ ಮಾಡಿಕೊಳ್ಳಬೇಡ. ನೀನು ಸಾಲುಗಳ ನಡುವೆ ಓಡಾಡುತ್ತಿರಬೇಕು.

ಮಾತಿಗೆ ಮುಂಚೆ ಪಾಟಿ ಕೊಡು. ಪಾರದರ್ಶಕ ಎ4 ಪ್ಲಾಸ್ಟಿಕ್ ಚೀಲದೊಳಗೆ ದಪ್ಪ ಬಿಳಿ ರಟ್ಟು ಇಟ್ಟರೆ ಪಾಟಿ ಆಯಿತು. ತೆಳು ಹಾಳೆ ಇಟ್ಟರೆ ಎತ್ತಿ ಹಿಡಿದಾಗ ಬಾಗುತ್ತದೆ, ಅಕ್ಷರ ಕಾಣುವುದಿಲ್ಲ. ಜೋಡಿಗೆ (ಮೂವರ ಗುಂಪಿಗೂ) ಒಂದರಂತೆ 22 ಮಾಡಿದರೆ 18 ತರಗತಿಗೂ ಅದೇ ನಡೆಯುತ್ತದೆ. ಬೋರ್ಡ್ ಮಾರ್ಕರನ್ನು ನಿಲ್ಲಿಸಿಡದೆ ಅಡ್ಡ ಮಲಗಿಸಿಡು, ತುದಿ ಮೇಲಾಗಿ ನಿಲ್ಲಿಸಿದರೆ ಮಸಿ ಕೆಳಗಿಳಿದು ತುದಿ ಒಣಗುತ್ತದೆ. ಯಾರಾದರೂ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದುಬಿಟ್ಟರೆ ಅದೇ ಗೆರೆಯ ಮೇಲೆ ಬೋರ್ಡ್ ಮಾರ್ಕರಿನಿಂದ ತಿದ್ದಿ ಕೂಡಲೇ ಒರೆಸು, ಹೋಗುತ್ತದೆ.

ಗಂಟೆ ಹೊಡೆಯುವ ಮೊದಲೇ ಹಲಗೆಯ ಮೇಲೆ ಒಂದು ಪ್ರಶ್ನೆ ಇರಲಿ, ಪ್ರತಿ ವಾರ ಅದೇ ಜಾಗದಲ್ಲಿ. ಒಳಗೆ ಬಂದವರು ಕೂತು ಉತ್ತರ ಬರೆಯಬೇಕು. ಮನಸ್ಸಿನಲ್ಲೇ 20 ಎಣಿಸಿ ಆಮೇಲೆ ಪಾಟಿ ಎತ್ತಿಸು. ಎಲ್ಲರೂ ಒಟ್ಟಿಗೆ ಎತ್ತುವುದರಿಂದ ಯಾರ ತಪ್ಪೂ ಎದ್ದು ಕಾಣುವುದಿಲ್ಲ, ನಿನಗೆ ಮಾತ್ರ ಎಲ್ಲ ಕಾಣುತ್ತದೆ. ಆಮೇಲೆ ಒಂದೇ ವಾಕ್ಯವನ್ನು ಇಡೀ ತರಗತಿ, ಎಡ ಅರ್ಧ, ಬಲ ಅರ್ಧ, ಒಂದು ಸಾಲು ಎಂಬ ಕ್ರಮದಲ್ಲಿ ಹೇಳಿಸು. ಮೂರು ನಿಮಿಷ ಸಾಕು. ನಂತರ ಜೋಡಿ. ಜೋಡಿ ಕೆಲಸ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಬೇಗ ಮುಗಿಸಿದವರಿಗೆ ಮುಂದಿನ ಕೆಲಸ ಇರುವುದಿಲ್ಲ. ಎರಡನೆಯ ಪ್ರಶ್ನೆಯನ್ನು ಮೊದಲೇ ಹಲಗೆಯ ಮೇಲೆ ಬರೆದಿಡು.

ಮಲಗಿದ ಮಗುವನ್ನು ತಲೆ ಮುಟ್ಟಿ ಎಬ್ಬಿಸಬೇಡ. ನಮ್ಮಲ್ಲಿ ತಲೆ ನೇವರಿಸುವುದು ಅಕ್ಕರೆ, ಅಲ್ಲಿ ತಲೆ ಪವಿತ್ರ, ಮುಟ್ಟಬಾರದು. ಮೇಜಿನ ಮೇಲೆ ಮೆಲ್ಲಗೆ ತಟ್ಟು. ತಿದ್ದುವಾಗಲೂ ಮಗುವಿನ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಬೇಡ, ಅದನ್ನು ಅಪಶಕುನ ಎಂದು ಭಾವಿಸುತ್ತಾರೆ.

— ನಿವೃತ್ತ ಇಂಗ್ಲಿಷ್ ಮಾಸ್ತರು, ಸಿಂಧನೂರು

*

ಮಕ್ಕಳಿಗೆ ಆಸಕ್ತಿ ಇಲ್ಲ ಎನ್ನುವ ಮುನ್ನ ಅವರ ನಾಲಿಗೆಗೆ ಯಾವುದು ಬರುವುದಿಲ್ಲ ಎಂದು ನೋಡಿ. ಥಾಯ್ ನುಡಿಯಲ್ಲಿ ಪದದ ಕೊನೆಗೆ ಸ, ಶ, ಚ, ಲ ನಿಲ್ಲುವುದಿಲ್ಲ. ಕೊನೆಯ ಸ ‘ತ್’ ಆಗುತ್ತದೆ ಇಲ್ಲವೇ ಬಿದ್ದೇ ಹೋಗುತ್ತದೆ, ಕೊನೆಯ ಲ ‘ನ್’ ಆಗುತ್ತದೆ. ಬಸ್ ಹೋಗಿ ಬತ್, ಫುಟ್‌ಬಾಲ್ ಹೋಗಿ ಫುಟ್‌ಬಾನ್. ಹೀಗಾಗಿ ರೈಸ್, ರೈಟ್, ರೈಡ್ ಮೂರೂ ಒಂದೇ ಆಗಿಬಿಡುತ್ತವೆ. ಕನ್ನಡಿಗರ ತೊಡಕು ಇದಕ್ಕೆ ತಿರುಗಾಮುರುಗಾ: ನಾವು ಕೊನೆಗೆ ಸ್ವರ ಅಂಟಿಸಿ ಬಸ್ಸು, ಬುಕ್ಕು ಎನ್ನುತ್ತೇವೆ. ನಿಮ್ಮ ಬಾಯಲ್ಲಿ ಆ ಉಕಾರ ನುಸುಳಿದರೆ ಮಕ್ಕಳಿಗೆ ಇನ್ನೊಂದು ಗೊಂದಲ. ಕೊನೆಯ ಸ ಬರುವಾಗ ಕೈಬೆರಳು ಎತ್ತಿ, ಮೂರು ಎಣಿಸುವಷ್ಟು ಹೊತ್ತು ‘ಸ್‌ಸ್‌ಸ್’ ಎಂದು ಎಳೆಸಿ. ಪಿರಿಯಡ್ಡಿಗೆ ಎರಡು ನಿಮಿಷ, ತಿಂಗಳಿಗೆ ಎರಡೇ ಧ್ವನಿ. ಅದಕ್ಕಿಂತ ಹೆಚ್ಚು ಬೇಡ.

ಭೂತಕಾಲದ ವಿಷಯ ಇದಕ್ಕಿಂತ ಮುಖ್ಯ. ಥಾಯ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ನಿನ್ನೆ’ ಎಂಬ ಪದವೋ ‘ಆಗಲೇ’ ಎಂಬರ್ಥದ ‘ಲೇವ್’ ಪದವೋ ಕಾಲವನ್ನು ತಿಳಿಸುತ್ತದೆ. ಅಂಥವರಿಗೆ ವಾಕ್ಡ್, ವಾಷ್ಡ್ ಮೊದಲು ಕಲಿಸಿದರೆ ಎರಡು ಏಟು ಒಟ್ಟಿಗೆ ಬೀಳುತ್ತವೆ: ರೂಪವೂ ಹೊಸದು, ಕೊನೆಯ ಒತ್ತಕ್ಷರವೂ ಉಚ್ಚರಿಸಲಾಗದ್ದು. ಪಠ್ಯಪುಸ್ತಕದ ಕ್ರಮ ಬಿಟ್ಟು ವೆಂಟ್, ಕೇಮ್, ಸಾ, ಏಟ್ ಇವುಗಳಿಂದ ಆರಂಭಿಸಿ. ಇಲ್ಲಿ ಒಳಗಿನ ಸ್ವರವೋ ಇಡೀ ಪದವೋ ಬದಲಾಗುವುದರಿಂದ ಕಿವಿಗೆ ವ್ಯತ್ಯಾಸ ತಟ್ಟುತ್ತದೆ, ಕೊನೆ ಸ್ವಲ್ಪ ಬಿದ್ದರೂ ಅರ್ಥ ಉಳಿಯುತ್ತದೆ.

ಬರವಣಿಗೆಯಲ್ಲಿ ಪದಗಳು ಅಂಟಿಕೊಂಡಿದ್ದರೆ, ದೊಡ್ಡಕ್ಷರ ಇಲ್ಲದಿದ್ದರೆ ಬೈಯಬೇಡಿ. ಥಾಯ್ ಲಿಪಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ದೊಡ್ಡಕ್ಷರ ಎಂಬುದೇ ಇಲ್ಲ.

— ಇಂಗ್ಲಿಷ್ ಉಪನ್ಯಾಸಕಿ, ಬಳ್ಳಾರಿ

*

ಅಕ್ಕಾ, ಆಟ ಆಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಆಟ ಮುಗಿದ ಮೇಲೆ ಮಕ್ಕಳ ಬಾಯಲ್ಲಿ ಒಂದು ವಾಕ್ಯವೂ ಉಳಿಯದಿದ್ದರೆ ಅದು ಗದ್ದಲ ಅಷ್ಟೇ. ನಿಮ್ಮ ಹತ್ತಿರ ಆಟಕ್ಕಿಂತ ಒಳ್ಳೆಯದು ಇದೆ, ನಮ್ಮ ಗಂಗಾವತಿ. ಅವರದೂ ಭತ್ತದ ನಾಡು, ನಮ್ಮದೂ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಎದುರಾದ ಕೂಡಲೇ ನಾವು ‘ಊಟ ಆಯ್ತಾ’ ಎಂದರೆ ಅವರು ‘ಕಿನ್ ಖಾವ್ ರೂ ಯಾಂಗ್’ ಎನ್ನುತ್ತಾರೆ, ಅನ್ನ ಉಂಡಿಯಾ ಎಂದೇ ಅರ್ಥ. ಆ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಮೊದಲ ಪಾಠ ಮಾಡಿ.

ನಾಟಿ, ಕಾಲುವೆ, ಕೊಯ್ಲು, ರಾಶಿ, ಅನ್ನದ ತಟ್ಟೆ ಹೀಗೆ ಹತ್ತು ಫೋಟೋ ಊರಿನಿಂದ ತರಿಸಿಕೊಳ್ಳಿ. ಜೋಡಿಯಲ್ಲಿ ಒಬ್ಬರಿಗೆ ನಮ್ಮ ಚಿತ್ರ, ಇನ್ನೊಬ್ಬರಿಗೆ ಅವರೂರಿನ ಚಿತ್ರ. ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು. ಕೇಳಿ ಕೇಳಿ ಐದು ವ್ಯತ್ಯಾಸ ಪತ್ತೆ ಮಾಡಬೇಕು. ಚಿತ್ರ ಕಂಡುಬಿಟ್ಟರೆ ಮಾತಾಡುವ ಅಗತ್ಯವೇ ಇರುವುದಿಲ್ಲ, ಈ ಚಟುವಟಿಕೆ ಕೆಡುವುದು ಅಲ್ಲೇ. ನಡುವೆ ಪುಸ್ತಕ ನಿಲ್ಲಿಸಿ ಮರೆ ಮಾಡಿ. ಇಲ್ಲಿ ಸೋನಾ ಮಸೂರಿ ಉದುರುದುರು ಅನ್ನ, ಈಸಾನಿನಲ್ಲಿ ಕೈಯಲ್ಲಿ ಉಂಡೆ ಕಟ್ಟಿ ತಿನ್ನುವ ಅಂಟು ಅನ್ನ. ಇದರ ಬಗ್ಗೆ ಅವರಿಗೆ ಹೇಳಲಿಕ್ಕೆ ಬೇಕಾದಷ್ಟಿದೆ.

ಇನ್ನೊಂದು ಪಾಠ ಅಂಜನಾದ್ರಿಯದು. ರಾಮಕಿಯೆನ್ ಅವರ ರಾಮಾಯಣ, ಹನುಮಂತ ಅಲ್ಲಿನ ಮಕ್ಕಳಿಗೂ ಅಚ್ಚುಮೆಚ್ಚು. ಆದರೆ ಅವರ ಹನುಮಂತ ಬ್ರಹ್ಮಚಾರಿಯಲ್ಲ! ಹನುಮನ ಜನ್ಮಸ್ಥಳ ಎಂದು ನಾವು ನಂಬುವ ಬೆಟ್ಟಕ್ಕೆ 575 ಮೆಟ್ಟಿಲು ಎಂದು ಹೇಳಿ, ಅವರ ಹನುಮಂತ ಹೇಗೆ ಎಂದು ಕೇಳಿ. ನಿಮಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿದಾಗ ಮಕ್ಕಳ ಮುಖವೇ ಬೇರೆಯಾಗುತ್ತದೆ. ಅವರು ನಿಮ್ಮನ್ನು ಕರೆಯುವ ‘ಖ್ರೂ’ ನಮ್ಮ ‘ಗುರು’ವೇ, ‘ಫಾಸಾ’ ನಮ್ಮ ‘ಭಾಷೆ’. ಅದನ್ನೂ ಹಲಗೆಯ ಮೇಲೆ ಬರೆದು ತೋರಿಸಿ.

— ಪ್ರಾಥಮಿಕ ಶಾಲಾ ಶಿಕ್ಷಕಿ, ಕಾರಟಗಿ

*

ಮಕ್ಕಳ ಬಗ್ಗೆ ಬಹಳ ಮಂದಿ ಬರೆದಿರುತ್ತಾರೆ, ನಾನು ನಿಮ್ಮ ಉತ್ಸಾಹದ ಬಗ್ಗೆಯೇ ಬರೆಯುತ್ತೇನೆ. 18 ತರಗತಿ ಗುಣಿಸು 45 ಅಂದರೆ 810 ಮಕ್ಕಳು. ಇಷ್ಟು ಮಂದಿಯಲ್ಲಿ ಪ್ರಗತಿ ಬರಿಗಣ್ಣಿಗೆ ಕಾಣುವುದಿಲ್ಲ. ಕಾಣದ್ದರಿಂದ ದಣಿವು ಬರುತ್ತದೆ. ಆದ್ದರಿಂದ ಅಳೆಯಿರಿ. ಎಲ್ಲವನ್ನೂ ಅಲ್ಲ, ಎರಡೇ ತರಗತಿ ಆರಿಸಿ, ಅದರಲ್ಲಿ ಒಂದು ಅತ್ಯಂತ ಕಷ್ಟದ್ದಾಗಿರಲಿ.

ಸಣ್ಣ ನೋಟುಪುಸ್ತಕದಲ್ಲಿ ಪ್ರತಿ ಪಿರಿಯಡ್ಡಿಗೆ ಮೂರು ಸಂಗತಿ ಬರೆಯಿರಿ: ಪಾಟಿ ಎತ್ತಿದವರ ಸಂಖ್ಯೆ, ಹಿಂದಿನ ಎರಡು ಸಾಲಿನಲ್ಲಿ ಪೂರ್ತಿ ವಾಕ್ಯ ಆಡಿದವರ ಸಂಖ್ಯೆ, ಆ ದಿನ ನೀವು ಹೊಸದಾಗಿ ತಿಳಿದುಕೊಂಡ, ಮೂರು ಮಕ್ಕಳನ್ನು ಕರೆಯುವ ಹೆಸರು. ಥಾಯ್ ಮಕ್ಕಳ ಅಧಿಕೃತ ಹೆಸರು ಉದ್ದ, ಆದರೆ ಎಲ್ಲರಿಗೂ ಕರೆಯುವ ಚಿಕ್ಕ ಹೆಸರೊಂದು ಇರುತ್ತದೆ. ಎ4 ಹಾಳೆಯನ್ನು ಮೂರು ಮಡಿಕೆ ಮಾಡಿ ಮೇಜಿನ ಮೇಲೆ ನಿಲ್ಲಿಸಿದರೆ ಹೆಸರು ಕಾಣುತ್ತದೆ. ಹಾಳೆಗಳನ್ನು ಪಿರಿಯಡ್ ಮುಗಿದ ಮೇಲೆ ನೀವೇ ಕೂಡಿಸಿ ತೆಗೆದಿಡಿ, ಮಕ್ಕಳ ಕೈಗೆ ಬಿಟ್ಟರೆ ಮುಂದಿನ ವಾರಕ್ಕೆ ಅರ್ಧ ಬರುವುದಿಲ್ಲ.

ಶಾಲೆಯ ಒಪ್ಪಿಗೆ ಪಡೆದು ಆ ಎರಡು ತರಗತಿಯ ಆರಾರು ಮಕ್ಕಳ ಮಾತು 30 ಸೆಕೆಂಡ್ ಧ್ವನಿಮುದ್ರಿಸಿ. ಎಂಟು ವಾರದ ನಂತರ ಅದೇ ಪ್ರಶ್ನೆ, ಅದೇ ಮಕ್ಕಳು. ಎರಡನ್ನೂ ಆ ಮಕ್ಕಳಿಗೇ ಕೇಳಿಸಿ. ಅಂಕದ ಹೆದರಿಕೆ ಅಲ್ಲಿ ನಡೆಯುವುದಿಲ್ಲ: ಶ್ರೇಣಿ 0 ಬಂದವರಿಗೆ ಮರುಪರೀಕ್ಷೆ ಇದ್ದೇ ಇದೆ, ಅದು ಮಕ್ಕಳಿಗೂ ಗೊತ್ತು. ತಮ್ಮದೇ ಧ್ವನಿ ಸುಧಾರಿಸಿದ್ದು ಕೇಳಿದರೆ ಅಂಕಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

— ಶಿಕ್ಷಕರ ತರಬೇತುದಾರರು, ರಾಯಚೂರು

*

ಸಿಟ್ಟಿನಲ್ಲಿ ನಡುವೆ ಬಿಟ್ಟು ಬರುವ ಯೋಚನೆ ಬಂದರೆ ಮೊದಲು ಕಾಗದಪತ್ರ ನೋಡಿರಿ. ನಿಮ್ಮ ವೀಸಾ, ಕೆಲಸದ ಪರವಾನಗಿ ಎರಡೂ ಆ ಶಾಲೆಯ ಉದ್ಯೋಗಕ್ಕೆ ಕಟ್ಟಿರುತ್ತವೆ. ರಾಜೀನಾಮೆ ಕೊಡುವ ಮುನ್ನ ವಲಸೆ ಕಚೇರಿಯಲ್ಲಿ ಎಷ್ಟು ದಿನ ಉಳಿಯಬಹುದು ಎಂದು ಕೇಳಿ ಬರೆದುಕೊಳ್ಳಿ. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡುವುದನ್ನು ಮರೆತರೆ ದಂಡ ಬೀಳುತ್ತದೆ.

ಮೊದಲ ಅವಧಿ ಅಕ್ಟೋಬರಿನಲ್ಲಿ ಮುಗಿದು ಎರಡನೆಯದು ನವೆಂಬರಿನಲ್ಲಿ ಶುರುವಾಗುತ್ತದೆ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ನಿಮ್ಮ ಜೊತೆಯ ಥಾಯ್ ಇಂಗ್ಲಿಷ್ ಶಿಕ್ಷಕರ ಹತ್ತಿರ ಪಠ್ಯದ ಪಟ್ಟಿ ಇಸಿದುಕೊಂಡು, ಅವರು ಆ ವಾರ ಕಲಿಸುವ ವ್ಯಾಕರಣವನ್ನೇ ನಿಮ್ಮ ಪಿರಿಯಡ್ಡಿನಲ್ಲಿ ಮಾತಿಗೆ ಬಳಸಿ. ಇಬ್ಬರದೂ ಬೇರೆ ಬೇರೆ ಪಾಠವಾದರೆ ವಾರಕ್ಕೊಮ್ಮೆ ಬರುವ ನಿಮ್ಮ ಪಾಠವನ್ನೇ ಮಕ್ಕಳು ಬಿಡುವಿನ ಹೊತ್ತು ಎಂದುಕೊಳ್ಳುತ್ತಾರೆ. ಪಟ್ಟಿ ಕೇಳುವಾಗ ಎಲ್ಲರೆದುರು ಕೇಳಬೇಡಿ, ಊಟದ ಹೊತ್ತಿನಲ್ಲಿ ಪಕ್ಕ ಕೂತು ಕೇಳಿ.

— ಓದುಗರು, ಕುಷ್ಟಗಿ