ನಿಕ್ಕಲ್ ಕಾಲಂನಲ್ಲಿ ರಿಫೋಲ್ಡಿಂಗ್: ಯೂರಿಯಾ ಇಳಿಸುವಾಗ ಅರ್ಧದಲ್ಲೇ ಒತ್ತಡ ಏರುತ್ತಿದೆ

ಯಲಹಂಕ ಲ್ಯಾಬ್:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನನ್ನ ಪ್ರೋಟೀನ್ 22 ಕಿಲೋಡಾಲ್ಟನ್, ನಿಕ್ಕಲ್‌ಗೆ ಅಂಟುವ ಹಿಸ್ ಟ್ಯಾಗ್ ಇದೆ, ಜೋಡಿಯಾಗಿ ಡೈಸಲ್ಫೈಡ್ ಬಂಧ ಕಟ್ಟಬಲ್ಲ ನಾಲ್ಕು ಸಿಸ್ಟೀನ್ ಇವೆ. ಇ. ಕೋಲೈನಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಅಷ್ಟೂ ಇನ್‌ಕ್ಲೂಷನ್ ಬಾಡಿಯಲ್ಲೇ, ಅಂದರೆ ಸರಿಯಾಗಿ ಮಡಚದೆ ಕರಗದ ಮುದ್ದೆಯಾಗಿ. 8 ಮೋಲಾರ್ ಯೂರಿಯಾ, 5 ಮಿಲಿಮೋಲಾರ್ ಡಿಟಿಟಿ (ಡೈಸಲ್ಫೈಡ್ ಬಿಚ್ಚಲು) ಹಾಕಿ ಕರಗಿಸಿದೆ. 1 ಮಿಲಿ ನಿಕ್ಕಲ್ ಕಾಲಂಗೆ ಸುಮಾರು 12 ಮಿಲಿಗ್ರಾಂ ಲೋಡ್ ಮಾಡಿ, ಪ್ರೋಟೀನ್ ಮತ್ತೆ ಮಡಚಿಕೊಳ್ಳಲಿ (ರಿಫೋಲ್ಡಿಂಗ್) ಅಂತ ಹತ್ತೇ ನಿಮಿಷದಲ್ಲಿ ಯೂರಿಯಾ ಸೊನ್ನೆಗೆ ಇಳಿಸಲು ಹೊರಟೆ. ಅರ್ಧಕ್ಕೆ ಬರುವಷ್ಟರಲ್ಲಿ ಒತ್ತಡ ಏರಿ ಪಂಪ್ ನಿಂತಿತು. ನೀಲಿ ಕಾಲಂ ಕಂದಾಗಿದೆ. ಮೇಲ್ಗಡೆ ಒಡೆದ ಹಾಲಿನ ಹಾಗೆ ಬಿಳಿ ಪದರ ಕಾಣುತ್ತಿದೆ. ಎರಡನೇ ಸಲ ಹೀಗಾಗುತ್ತಿರುವುದು. ಕಾಲಂ ಬಿಸಾಕಬೇಕಾ? ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ಹೇಳಿ.

ಹೆಬ್ಬಾಳದವಳು:

ಬಿಸಾಕಬೇಡಿ. ಕಾಲಂ ತಲೆಕೆಳಗು ಜೋಡಿಸಿ, 6 ಮೋಲಾರ್ ಗ್ವಾನಿಡೀನ್ ನಿಧಾನವಾಗಿ ಬಿಡಿ. ಬಿಳಿ ಪದರ ಕರಗಬೇಕು. ಆಮೇಲೆ ನೀರು, ಹಳೆ ನಿಕ್ಕಲ್ ಕಳಚಲು ಇಡಿಟಿಎ, ಮತ್ತೆ ನೀರು, ಕೊನೆಗೆ ಹೊಸ ನಿಕ್ಕಲ್ ತುಂಬಲು 0.1 ಮೋಲಾರ್ ನಿಕ್ಕಲ್ ಸಲ್ಫೇಟ್. ನಿಕ್ಕಲ್ ತೊಳೆದ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಬೇರೆ ಬಾಟಲಿಗೆ ಹಿಡಿಯಿರಿ.

ಕಂದು ಬಣ್ಣ ಡಿಟಿಟಿಯ ಕೆಲಸ, ಅದು ನಿಕ್ಕಲನ್ನೇ ಕೆಡಿಸುತ್ತದೆ. ಅದರ ಬದಲು ಬೀಟಾ ಮರ್ಕ್ಯಾಪ್ಟೋಇಥನಾಲ್ ಹಾಕಿ, 5 ಮಿಲಿಮೋಲಾರ್ ಸಾಕು.

ಬಿಳಿ ಪದರ ನಿಮ್ಮ ಪ್ರೋಟೀನೇ. 1 ಮಿಲಿ ರೆಸಿನ್ (ಕಾಲಂ ಒಳಗಿನ ಮಣಿಗಳು) ಹತ್ತಾರು ಮಿಲಿಗ್ರಾಂ ಹಿಡಿಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದು ಹಿಡಿದುಕೊಳ್ಳುವ ಲೆಕ್ಕ, ಮಡಚಿಕೊಳ್ಳುವ ಲೆಕ್ಕ ಅಲ್ಲ. ಅಣುಗಳು ರೆಸಿನ್‌ಗೆ ಅಂಟಿ, ಒಂದಕ್ಕೊಂದು ತಾಗದೆ ಮಡಚಿಕೊಳ್ಳಲಿ ಅಂತಲೇ ಕಾಲಂನಲ್ಲಿ ಮಾಡುವುದು, ಅಲ್ವಾ? 12 ಮಿಲಿಗ್ರಾಂ ತುಂಬಿದರೆ ಆ ಅಂತರವೇ ಉಳಿಯುವುದಿಲ್ಲ. ಯೂರಿಯಾ ಅರ್ಧಕ್ಕಿಂತ ಕೆಳಗಿಳಿಯುವ ಹೊತ್ತು ತುಂಬಾ ನಾಜೂಕು. ಅಣು ಅರೆಬರೆ ಮಡಚಿರುತ್ತದೆ, ನೀರಿಗೆ ಒಗ್ಗದ ಭಾಗಗಳು ಇನ್ನೂ ಹೊರಗೇ ಇರುತ್ತವೆ. ಪಕ್ಕದಲ್ಲಿ ಇನ್ನೊಂದು ಸಿಕ್ಕರೆ ಅದಕ್ಕೇ ಅಂಟಿಕೊಳ್ಳುತ್ತದೆ. ನಿಮ್ಮ ಪಂಪ್ ನಿಂತದ್ದೂ ಅಲ್ಲೇ.

1ರಿಂದ 2 ಮಿಲಿಗ್ರಾಂ ಮಾತ್ರ ಹಾಕಿ. ಯೂರಿಯಾ ಸ್ವಲ್ಪ ಸ್ವಲ್ಪವಾಗಿ ಇಳಿಯುವ 30 ಮಿಲಿ ಗ್ರೇಡಿಯಂಟ್, ನಿಮಿಷಕ್ಕೆ ಅರ್ಧ ಮಿಲಿ, ಅಂದರೆ ಒಂದು ಗಂಟೆ. ಎರಡೂ ಬಫರ್‌ನಲ್ಲಿ ಪಿಎಚ್ 8 ಇರಲಿ. ಯೂರಿಯಾ ಇಲ್ಲದ ಬಫರ್‌ಗೆ ಅಣುಗಳು ಅಂಟಿಕೊಳ್ಳದಿರಲು 0.4 ಮೋಲಾರ್ ಅರ್ಜಿನೀನ್, ಜೊತೆಗೆ 1 ಮಿಲಿಮೋಲಾರ್ ರೆಡ್ಯೂಸ್ಡ್ ಗ್ಲುಟಾಥಯೋನ್, 0.2 ಮಿಲಿಮೋಲಾರ್ ಆಕ್ಸಿಡೈಸ್ಡ್ ಗ್ಲುಟಾಥಯೋನ್ ಸೇರಿಸಿ. ತಪ್ಪಾಗಿ ಕಟ್ಟಿದ ಡೈಸಲ್ಫೈಡ್ ಬಿಚ್ಚಿ ಮತ್ತೆ ಕಟ್ಟಲು ಈ ಗ್ಲುಟಾಥಯೋನ್ ಜೋಡಿ ಬೇಕು. ಅರ್ಜಿನೀನ್ ಹಾಕಿದ ಮೇಲೆ ಪಿಎಚ್ ಮತ್ತೊಮ್ಮೆ ನೋಡಿ, ಜಾಸ್ತಿ ಏರಿರಬಹುದು.

ಒಂದು ಮಾತು ಕೇಳಬೇಕು. ಯೂರಿಯಾ ಬಫರ್ ಯಾವಾಗ ಮಾಡಿದ್ದು? ಕರಗಲಿ ಅಂತ ಹಾಟ್ ಪ್ಲೇಟ್ ಮೇಲೆ ಇಟ್ಟಿದ್ದಿರಾ?

ಯಲಹಂಕ ಲ್ಯಾಬ್:

ಹೌದು ಅಕ್ಕ, ಬಿಸಿ ಮಾಡಿದ್ದೆ. ಎರಡು ವಾರದಿಂದ ಬೆಂಚಿನ ಮೇಲೇ ಇದೆ.

ಹೆಬ್ಬಾಳದವಳು:

ಚೆಲ್ಲಿಬಿಡಿ. ಯೂರಿಯಾದಿಂದ ಸಯನೇಟ್ ಹುಟ್ಟುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ನಮ್ಮ ಏಪ್ರಿಲ್ ಬಿಸಿಲೂ ಅದಕ್ಕೆ ಸಹಾಯವೇ. ಸಯನೇಟ್ ಪ್ರೋಟೀನಿನ ಲೈಸೀನ್‌ಗೆ ಅಂಟಿದರೆ ಪ್ರತಿ ಜಾಗಕ್ಕೂ ತೂಕ 43 ಡಾಲ್ಟನ್ ಏರುತ್ತದೆ, ಜೆಲ್‌ನಲ್ಲಿ ಮಾತ್ರ ಗೊತ್ತೇ ಆಗುವುದಿಲ್ಲ. ಅವತ್ತಿನ ಬಫರ್ ಅವತ್ತೇ ಮಾಡಿ. ಫ್ರಿಜ್‌ನಲ್ಲಿಟ್ಟರೆ ಹರಳುಗಟ್ಟೀತು, ನೋಡಿಕೊಳ್ಳಿ.

ಯಲಹಂಕ ಲ್ಯಾಬ್:

ಅಕ್ಕ, ನಿನ್ನೆ ಮಾಡಿದೆ. 1.5 ಮಿಲಿಗ್ರಾಂ ಹಾಕಿದ್ದೆ. ಒತ್ತಡ ಕೊನೆವರೆಗೂ ಏರಲಿಲ್ಲ, ಕಾಲಂ ನೀಲಿಯಾಗೇ ಇತ್ತು! ಕಾಲಂನಿಂದ ಬಿಡಿಸಲು ಹಾಕಿದ ಇಮಿಡಜೋಲ್‌ನಲ್ಲಿ 0.6 ಮಿಲಿಗ್ರಾಂ ಬಂತು, ತಿಳಿಯಾಗಿದೆ. ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಫಿಲ್ಟ್ರೇಷನ್‌ನಲ್ಲಿ ಶುರುವಿಗೆ ಒಂದು ಸಣ್ಣ ಪೀಕ್, ಆಮೇಲೆ ಮಾನೋಮರ್ (ಒಂಟಿ ಅಣು) ಜಾಗದಲ್ಲಿ ದೊಡ್ಡದು. ಸರಿಯಾಗಿ ಮಡಚಿದೆ ಅಂತ ಬರೆದುಕೊಳ್ಳಬಹುದಾ?

ಹೆಬ್ಬಾಳದವಳು:

ತುಂಬಾ ಖುಷಿಯಾಯಿತು! ಆದರೆ ಈಗಲೇ ಬರೆಯಬೇಡಿ. ಮಾನೋಮರ್ ಆಗಿದ್ದೂ ಡೈಸಲ್ಫೈಡ್ ತಪ್ಪು ಜೋಡಿಯಾಗಿರಬಹುದು. ಆಕ್ಟಿವಿಟಿ, ಅಂದರೆ ಪ್ರೋಟೀನ್ ತನ್ನ ಕೆಲಸ ಮಾಡುತ್ತದೆಯೇ ಅಂತ, ನೋಡಲೇಬೇಕು. ಅದಕ್ಕೆ ಮೊದಲು ಒಂದೇ ಸ್ಯಾಂಪಲನ್ನು ಮರ್ಕ್ಯಾಪ್ಟೋಇಥನಾಲ್ ಹಾಕಿ ಒಂದು ಲೇನ್, ಹಾಕದೆ ಒಂದು ಲೇನ್ ಜೆಲ್‌ನಲ್ಲಿ ಓಡಿಸಿ. ಹಾಕದೇ ಇದ್ದದ್ದು ಸ್ವಲ್ಪ ಕೆಳಗೆ, ಒಂದೇ ಚೂಪು ಬ್ಯಾಂಡ್ ಆಗಿ ಬಂದರೆ ಒಳ್ಳೆಯ ಸೂಚನೆ. ಮಬ್ಬಾಗಿ ಹರಡಿದ್ದರೆ ಗ್ಲುಟಾಥಯೋನ್ ಪ್ರಮಾಣ ಬದಲಿಸಿ ನೋಡಬೇಕು. ಎರಡರ ನಡುವೆ ಒಂದೆರಡು ಲೇನ್ ಖಾಲಿ ಬಿಡಿ, ಮರ್ಕ್ಯಾಪ್ಟೋಇಥನಾಲ್ ಪಕ್ಕದ ಲೇನಿಗೂ ಹರಿಯುತ್ತದೆ. ಜೆಲ್ ಫೋಟೋ ಇಲ್ಲೇ ಹಾಕಿ, ನೋಡೋಣ.