‘ತರಬೇತಿ ಕೊಟ್ರೂ ಜೀವ ಉಳೀಲಿಲ್ಲ’: ನಮ್ಮ ಮನಿ ವಾಟ್ಸಾಪ್ ಗುಂಪಿನ ಜಗಳ

(ಗುಂಪಿನ ಹೆಸರು ‘ಅಜ್ಜನ ಮನಿ ಮಂದಿ’. ಎಲ್ಲಾರನ್ನೂ ಕೇಳೇ ಹಾಕಾಕತ್ತೀನಿ, ಹೆಸರು ಬದಲಿಸೀನಿ. ಗುಲಾಬಿ ಹೂವಿನ ಶುಭೋದಯ, ಮಗ್ಗಲಮನಿ ಮದುವಿ ವಿಡಿಯೋ ತಗದೀನಿ. ಉಳಿದದ್ದು ಹೆಂಗಿತ್ತೋ ಹಂಗ. – ವಿನಯ)

ಬಸು ಕಾಕಾ: [ಹಲವು ಬಾರಿ ಫಾರ್ವರ್ಡ್ ಆಗಿದೆ] ತಾಯಂದಿರೇ ಎಚ್ಚರ!! ಸರ್ಕಾರ ನಮ್ಮನ್ನು ಮತ್ತೆ ಸೂಲಗಿತ್ತಿ ಕಾಲಕ್ಕೆ ಒಯ್ಯುತ್ತಿದೆ! ಇನ್ನು ಡಾಕ್ಟರ್ ಇಲ್ಲ, ನರ್ಸ್‌ಗಳೇ ಹೆರಿಗೆ ಮಾಡಿಸುತ್ತಾರಂತೆ! ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷ ಹೆರಿಗೆಗಳ ಮೇಲೆ ನಡೆದ ಸಂಶೋಧನೆಯಲ್ಲಿ ನರ್ಸ್‌ಗಳಿಗೆ ತರಬೇತಿ ಕೊಟ್ಟರೂ ಒಂದೇ ಒಂದು ಜೀವ ಉಳಿಯಲಿಲ್ಲ!! ಬಸುರಿಯರಿರುವ ಎಲ್ಲ ಗುಂಪಿಗೂ ಕಳಿಸಿ.

ಬಸು ಕಾಕಾ: ಕಾವ್ಯಾ, ಇದನ್ನ ಪೂರಾ ಓದವಾ. ಏಳರಾಗ ಬಿದ್ದೀದಿ. ರೊಕ್ಕದ ಮಾರಿ ನೋಡಬ್ಯಾಡ, ದೊಡ್ಡ ದವಾಖಾನಿನ ಹಿಡಿ.

ಕಾವ್ಯಾ: ಅಯ್ಯೋ ಕಾಕಾ, ಮುಂಜಾನೆದ್ದು ಇದನ್ನ ಓದಿಸಿದ್ರಲ್ರಿ.

ಶಾರದಾ: ನೈಟ್ ಡ್ಯೂಟಿ ಮುಗಿಸಿ ಈಗ ಬಸ್ ಹತ್ತೀನಿ. ರಾತ್ರಿ ನಾವ ನರ್ಸ್‌ಗಳು ಹಡಿಸಿದ ಕೂಸು ಎಲ್ಲಾ ಆರಾಮ ಅದಾವ ಕಾಕಾ. ತಾಯಂದ್ರೂ.

ಬಸು ಕಾಕಾ: ನಿನಗ ಅಂದಿದ್ದಲ್ಲವಾ ಶಾರದಾ. ಸಂಶೋಧನಾ ಹೇಳೂದು ಹೇಳೀನಿ.

ವಿನಯ: ಆ ಸಂಶೋಧನಾ ಖರೇನ ಐತ್ರಿ ಕಾಕಾ. ‘ಬೆಟರ್‌ಬರ್ತ್’ ಅಂತ. ಉತ್ತರ ಪ್ರದೇಶದ 24 ಜಿಲ್ಲೆ, 120 ಆಸ್ಪತ್ರೆ. ಹೆರಿಗಿ ಹೊತ್ತಿನಾಗ ತಪ್ಪದ ಮಾಡಬೇಕಾದ್ದರ ಒಂದು ಪಟ್ಟಿ ಕೊಟ್ಟು, ಅರ್ಧ ಆಸ್ಪತ್ರೆಗೋಳಿಗೆ ಎಂಟು ತಿಂಗಳು ಕೋಚ್‌ಗಳನ್ನ ಕಳಿಸಿದ್ರು. 2017ರಾಗ ಫಲಿತಾಂಶ ಬಂತು. ತಾಯಿ ಸಾವು, ಕೂಸಿನ ಸಾವು, ತಾಯಿಗೆ ಗಂಭೀರ ತೊಂದರೆ, ಮೂರೂ ಕೂಡಿಸಿ ಕೋಚ್ ಇದ್ದ ಕಡೆ ಶೇ. 15.1, ಇಲ್ಲದ ಕಡೆ 15.3.

ಬಸು ಕಾಕಾ: ಅಂದ್ರ ನಾ ಕಳಿಸಿದ್ದು ಸುಳ್ಳಲ್ಲ. ಬರಕೋರಿ ಎಲ್ಲಾರೂ.

ಗಿರೀಶ ಮಾಮಾ (ಡಾಕ್ಟರ್): ಇಷ್ಟು ವರ್ಷ ಪ್ರಾಕ್ಟೀಸ್ ಮಾಡಿ ನಾನೂ ಅದನ್ನೇ ಹೇಳೋದು. ಹೆರಿಗೆ ನಾರ್ಮಲ್ ಇತ್ತು ಅನ್ನೋದು ಮುಗಿದ ಮೇಲೆ ಗೊತ್ತಾಗೋ ಮಾತು. ಮಗುವಿನ ಭುಜ ಸಿಕ್ಕಿಕೊಂಡ್ರೆ, ರಕ್ತ ಹರಿಯೋಕೆ ಶುರುವಾದ್ರೆ, ಕೈಯಲ್ಲಿ ಇರೋದು ನಿಮಿಷಗಳು.

ಶಾರದಾ: ಆ ನಿಮಿಷದಾಗ ಕೋಣ್ಯಾಗ ಇರಾವ್ರು ಯಾರು ಮಾಮಾ? ನೀವು ಬರೂ ತನಕ ಹೊಟ್ಟಿ ತಿಕ್ಕೋರು, ಸಲೈನ್ ಏರಿಸೋರು ಯಾರು?

ಲತಾ ವೈನಿ: ಕಾಫಿ ಇಟ್ಕೊಂಡು ಬಂದೆ, ತಡೀರಿ.

ವಿನಯ: ಕಾಕಾ, ಫಾರ್ವರ್ಡ್ ಬರದಾವ ಅರ್ಧಕ್ಕ ನಿಲ್ಲಿಸ್ಯಾನ. ಆ ಪಟ್ಟಿಯ ಮೊದಲ ಪರೀಕ್ಷಾ ಆಗಿದ್ದು ನಮ್ಮ ಕರ್ನಾಟಕದಾಗ, 2010ರಾಗ, ಒಂದು ತಾಲೂಕು ಮಟ್ಟದ ಹೆರಿಗಿ ಕೇಂದ್ರದಾಗ. 29 ಕೆಲಸದೊಳಗ ಮೊದಲು ಸರಾಸರಿ 10 ಮಾಡ್ತಿದ್ರು, ಪಟ್ಟಿ ಬಂದ ಮ್ಯಾಲ 25. ಉತ್ತರ ಪ್ರದೇಶದಾಗೂ ಕೆಲಸ ಸುಧಾರಿಸ್ತು. ಕೂಸು ಹುಟ್ಟಿದ ಕೂಡ್ಲೆ ರಕ್ತ ತಡಿಯಾಕ ಆಕ್ಸಿಟೋಸಿನ್ ಚುಚ್ಚೂದು ಕೋಚ್ ಇದ್ದ ಕಡೆ ಸುಮಾರು ಶೇ. 80, ಇಲ್ಲದ ಕಡೆ 21ರ ಹತ್ತರ. ಕೋಚ್ ಹೋದ ಮ್ಯಾಲ ಎಲ್ಲಾ ಸ್ವಲ್ಪ ಸ್ವಲ್ಪ ಇಳೀತು.

ಬಸು ಕಾಕಾ: ಕೆಲಸ ಸುಧಾರಿಸ್ತು, ಸಾವು ಇಳೀಲಿಲ್ಲ. ಇದ್ಯಾವ ಲೆಕ್ಕಪ್ಪಾ?

ಶಾರದಾ: ಆ ಲೆಕ್ಕ ನಾ ಹೇಳ್ತೀನಿ, ಲೇಬರ್ ರೂಮಿನಾಗ ನಿಂತಾಕಿ. ಬಿ.ಪಿ. ನೋಡೂದು ಕಲಿಸಿದ್ರು, ಏರಿದ್ದು ನಾ ಹಿಡದೆ. ಮುಂದ? ಫಿಟ್ಸ್ ತಡಿಯೂ ಔಷಧ ಮ್ಯಾಗ್ನೀಷಿಯಂ ಸಲ್ಫೇಟ್ ಕಪಾಟಿನಾಗ ಇರಬೇಕು. ಬ್ಲಡ್ ಬ್ಯಾಂಕ್ ಇರಬೇಕು. 108 ಬರಬೇಕು. ಜಿಲ್ಲಾ ಆಸ್ಪತ್ರೆದಾಗ ಅರವಳಿಕೆ ಡಾಕ್ಟರ್ ರಜಾ ಹಾಕಿರಬಾರದು. ಪಟ್ಟಿ ನನ್ನ ಕೈಯಾಗಿನ ಕೆಲಸ ಅಷ್ಟ ಸುಧಾರಿಸ್ತೈತಿ, ನನ್ನ ಕೈ ದಾಟಿದ ಮ್ಯಾಗಿಂದು ಅದರಾಗ ಇಲ್ಲ.

ಶಾರದಾ: ಇನ್ನೊಂದು. ನಾ ಎಸ್‌ಬಿಎ, ಅಂದ್ರ ಹೆರಿಗಿ ಮಾಡಿಸೂ ತರಬೇತಿ, ಮುಗಿಸಿ ಬಂದೆ. ಸರ್ಟಿಫಿಕೇಟ್ ಮಸಿ ಆರಿರಲಿಲ್ಲ, ಕಣ್ಣಿನ ವಾರ್ಡಿಗೆ ಹಾಕಿದ್ರು. ರೊಟೇಶನ್ ಅಂತ. ನನ್ನ ಜಾಗಾಕ್ಕ ಬಂದಾಕಿ ಹೆರಿಗಿ ನೋಡಿ ಎಷ್ಟ್ ವರ್ಷ ಆಗಿತ್ತೋ. ಹಿಂಗ ಮಾಡಿ ‘ತರಬೇತಿ ಕೊಟ್ವಿ, ಉಪಯೋಗ ಆಗಲಿಲ್ಲ’ ಅಂತ ವರದಿ ಬರದ್ರ ಸಿಟ್ಟು ಬರೂದಿಲ್ಲೇನ್ರಿ?

ವಿನಯ: ಬಳ್ಳಾರಿ, ಕಲಬುರಗಿಯಾಗ ಇದಕ್ಕ ಬ್ಯಾರೆ ದಾರಿ ಹಿಡದಿದ್ರು, ಸುಕ್ಷೇಮ ಯೋಜನೆದಾಗ. 108 ಪ್ರಾಥಮಿಕ ಆರೋಗ್ಯ ಕೇಂದ್ರದೊಳಗ 54ಕ್ಕ ಅನುಭವಸ್ಥ ನರ್ಸ್ ಮೆಂಟರ್‌ಗಳು ಮತ್ತ ಮತ್ತ ಹೋಗಿ, ಅಲ್ಲೇ ನಿಂತು ಕಲಿಸೂದು. ಕೇಸ್ ಶೀಟ್ ಹೆಂಗ ತುಂಬೂದು, ತುರ್ತು ಔಷಧ ಐತೋ ಇಲ್ಲೋ, ಎಲ್ಲಾ ಕೂಡಿ ನೋಡೂದು. ಮೆಂಟರ್ ಬಂದ ಕಡೆ ತಯಾರಿ ಚೊಲೋ ಆತು.

ಶಾರದಾ: ಹಾಂ, ಅಂತಾವ್ರು ಬೇಕು. ಹಾಲ್‌ನಾಗ ಪ್ರೊಜೆಕ್ಟರ್ ಹಚ್ಚಿ, ಮಧ್ಯಾಹ್ನ ಊಟ ಹಾಕಿ ಕಳಿಸೂದು ತರಬೇತಿ ಅಲ್ಲ.

ಗಿರೀಶ ಮಾಮಾ (ಡಾಕ್ಟರ್): ಶಾರದಾ, ನಿನ್ನ ಬಗ್ಗೆ ನನಗೆ ಸಂಶಯ ಇಲ್ಲ. ಆದರೆ ‘ಮಿಡ್‌ವೈಫ್ (ಹೆರಿಗೆ ಕೆಲಸ ಕಲಿತ ನರ್ಸ್) ನಡೆಸೋ ಹೆರಿಗೆ ಘಟಕ’ ಅಂತ ಬೋರ್ಡ್ ಹಾಕಿದ ತಕ್ಷಣ, ಡಾಕ್ಟರ್ ಹುದ್ದೆ ಖಾಲಿ ಬಿಡೋಕೆ ಸರ್ಕಾರಕ್ಕೆ ಒಳ್ಳೆ ನೆಪ ಸಿಗುತ್ತೆ. ಆಗ ಏನಂತೀಯ?

ಶಾರದಾ: ಆ ಹೆದರಿಕಿ ನನಗೂ ಐತಿ. ಇಲ್ಲ ಅನ್ನೂದಿಲ್ಲ.

ಬಸು ಕಾಕಾ: ನೋಡ್ರಿ. ಸೂಲಗಿತ್ತಿ ಕಾಲ ಅಂದ್ರ ಮಂದಿಗೆ ಸಿಟ್ಟು.

ಲತಾ ವೈನಿ: ಮಾವ, ಸೂಲಗಿತ್ತಿ ಅಂದ್ರೆ ಬೈಗುಳ ಅಲ್ಲ. ಪಾವಗಡದ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ರು ಅಂತಾರೆ, 2018ರಲ್ಲಿ ಪದ್ಮಶ್ರೀ ಬಂತು.

ಗಿರೀಶ ಮಾಮಾ (ಡಾಕ್ಟರ್): ಅವರಿಗೆ ನಮಸ್ಕಾರ. ಆದರೆ ಒಬ್ಬರ ಕೈಗುಣ ಜಿಲ್ಲೆಗೆಲ್ಲ ವ್ಯವಸ್ಥೆ ಆಗೋದಿಲ್ಲ.

ಶಾರದಾ: ಇದಕ್ಕ ನಾ ಮಾಮಾನ ಕಡೆ. ಅದ್ಕ ಈಗಿನ ಮಿಡ್‌ವೈಫ್ ಕೋರ್ಸ್ ಬ್ಯಾರೆ. ಕೇಂದ್ರ ಸರ್ಕಾರ 2018ರ ಡಿಸೆಂಬರ್‌ದಾಗ ಮಾರ್ಗಸೂಚಿ ತಂತು. ಮೊದಲ ನರ್ಸಿಂಗ್ ಪಾಸಾಗಿ ಕೆಲಸ ಮಾಡಿದಾವ್ರು ಮ್ಯಾಲ 18 ತಿಂಗಳು ಮಿಡ್‌ವೈಫರಿ ಕಲೀಬೇಕು. ತೊಡಕಿಲ್ಲದ ಹೆರಿಗಿ ಅವ್ರು ನೋಡ್ತಾರ, ತೊಡಕು ಕಂಡ ಕೂಡ್ಲೆ ಅದ ಆಸ್ಪತ್ರೆಯ ಡಾಕ್ಟರ್‌ಗೆ ಒಪ್ಪಸ್ತಾರ. ತೆಲಂಗಾಣದಾಗ ಇದರ ಮೊದಲ ಶುರು ಮಾಡ್ಯಾರ. ‘ಡಾಕ್ಟರ್ ಇಲ್ಲ’ ಅಂತ ಎಲ್ಲೂ ಬರದಿಲ್ಲ.

ಬಸು ಕಾಕಾ: ಎಲ್ಲಾರೂ ದವಾಖಾನಿಗೆ ಹೋಗ್ತಾರ ಈಗ. ದವಾಖಾನಿಗೆ ಹೋದ್ರ ಆತು, ಮುಗೀತಲ್ಲ?

ವಿನಯ: ಮುಗಿದಿಲ್ಲ ಕಾಕಾ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಾಗ ಶೇ. 97 ಹೆರಿಗಿ ಆಸ್ಪತ್ರೆಯಾಗ. ಆದ್ರೂ 2018–20ರ ಲೆಕ್ಕದಾಗ ಲಕ್ಷ ಜೀವಂತ ಜನನಕ್ಕ ನಮ್ಮಲ್ಲಿ 69 ತಾಯಂದ್ರು ತೀರಿದ್ರು. ತಮಿಳುನಾಡಿನಾಗ 54, ಕೇರಳದಾಗ 19. ದಕ್ಷಿಣದಾಗ ನಾವ ಹಿಂದ. ಸಿಸೇರಿಯನ್ ನಮ್ಮಲ್ಲಿ ಶೇ. 31.5. ಡಬ್ಲ್ಯೂಎಚ್‌ಒ ಹೇಳೂ ಪ್ರಕಾರ ಒಂದು ನಾಡಿನಾಗ ಶೇ. 10 ದಾಟಿದ ಮ್ಯಾಲ ಸಿಸೇರಿಯನ್ ಏರಿದ್ರ ಸಾವು ಇಳಿಯೂದು ಕಂಡಿಲ್ಲ.

ಗಿರೀಶ ಮಾಮಾ (ಡಾಕ್ಟರ್): ಸಿಸೇರಿಯನ್ ಅಂದಾಗ ಎಲ್ಲರ ಕಣ್ಣು ಖಾಸಗಿ ಡಾಕ್ಟರ್ ಮೇಲೆ. ಮುಹೂರ್ತ ಬರೆದುಕೊಂಡು ಬರೋರು ಯಾರು, ಅದನ್ನೂ ಹೇಳಿ.

ಲತಾ ವೈನಿ: ಅದು ನಿಜ. ಆದ್ರೆ ನಂದು ಕೇಳಿ. ನನ್ನ ಮೊದಲ ಹೆರಿಗೆಯಲ್ಲಿ ಅಮ್ಮನ್ನ ಒಳಗೆ ಬಿಡಲಿಲ್ಲ. ಪರದೆ ಆಚೆ ಒಬ್ಬಳು ಕಿರುಚ್ತಿದ್ಲು, ‘ಆವಾಗ ಚೆನ್ನಾಗಿತ್ತಾ’ ಅಂತ ಬೈದ್ರು. ನಾನು ಬಾಯಿ ಮುಚ್ಕೊಂಡು ಮಲಗಿದ್ದೆ. ಯಂತ್ರ, ಎಸಿ ಎಲ್ಲ ಇತ್ತು. ನೀರು ಕೊಡೋರು ಇರಲಿಲ್ಲ.

ವಿನಯ: ವೈನಿ, ಇದರ ಮ್ಯಾಲೂ ಪುರಾವೆ ಐತಿ. 26 ಪ್ರಯೋಗ, 15 ಸಾವಿರಕ್ಕೂ ಹೆಚ್ಚು ಹೆಂಗಸರು, ಎಲ್ಲಾ ಕೂಡಿಸಿ ತೂಗಿದ ಕೋಕ್ರೇನ್ ವಿಮರ್ಶೆ. ಹೆರಿಗಿ ಮುಗಿಯೂ ತನಕ ಒಬ್ಬರು ಬಾಜು ಇದ್ರ ಸಹಜ ಹೆರಿಗಿ ಹೆಚ್ಚಾಗ್ತೈತಿ, ಸಿಸೇರಿಯನ್ ಕಡಿಮಿ.

ಶಾರದಾ: ಬಾಜು ಇರೂದು, ಅದ ಮಿಡ್‌ವೈಫ್ ಕೆಲಸ. ಒಬ್ಬ ನರ್ಸ್‌ಗೆ ಐದ್ ಟೇಬಲ್ ಕೊಟ್ರ ಬಾಜು ಹೆಂಗ ಇರ್ಲಿ? ಬೈಯೂದು ತಪ್ಪು, ನಾ ಬೆಂಬಲಿಸೂದಿಲ್ಲ.

(ಇಲ್ಲಿ ಆಯಿದು ವಾಯ್ಸ್ ಮೆಸೇಜ್ ಬಂತು. ಕೇಳಿ ಬರದೀನಿ, ಅರ್ಧ ಕೋಳಿ ಸಪ್ಪಳ.)

ಗಂಗವ್ವ ಆಯಿ: ಏ ಬಸೂ, ನಾ ಆರು ಹಡದೀನಿ, ನಾಕು ಉಳದಾವ. ನಿನ್ನ ಹಡದಾಗ ರಗತ ನಿಲ್ಲಲೇ ಇಲ್ಲ. ಒಂದು ಸೀರಿ ತೋದ್ರ ಇನ್ನೊಂದು ಸೀರಿ ಇಡ್ತಿದ್ರು. ‘ಎಲ್ಲಾರಿಗೂ ಹೋಗ್ತೈತಿ’ ಅಂದ್ರು. ಎಷ್ಟು ಹೋತು ಅಂತ ಯಾರ ಅಳದಾರ? ದೇವರ ದಯೆ, ಕುಂತೀನಿ.

ಬಸು ಕಾಕಾ: ಅವ್ವಾ, ಇದನ್ನ ನೀ ನನಗ ಹೇಳೇ ಇಲ್ಲಲ್ಲ.

ಶಾರದಾ: ಆಯಿ ಮುಖ್ಯದ್ದು ಹೇಳಿದ್ಲು. ಕಣ್ಣಂದಾಜು ಈಗಲೂ ನಡದೈತಿ, ಆಸ್ಪತ್ರೆದಾಗೂ.

ವಿನಯ: ಮತ್ತ ಅದನ್ನ ಅಳಿಯೂ ಚೀಲ ತಯಾರಾಗಿದ್ದು ನಮ್ಮ ಬೆಳಗಾವಿ ಸಂಶೋಧನಾದಾಗ! ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನಾವ್ರು ರಕ್ತ ತಡಿಯೂ ಮಿಸೊಪ್ರೊಸ್ಟಾಲ್ ಗುಳಿಗಿ ಪ್ರಯೋಗ ಮಾಡಿದ್ರು, 1620 ಹೆಂಗಸರು. ಹಳ್ಳ್ಯಾಗ ಗುಳಿಗಿ ಕೊಟ್ಟಾವ್ರು ಎ.ಎನ್.ಎಂ. ಸಿಸ್ಟರ್‌ಗಳು, ಡಾಕ್ಟರ್ ಅಲ್ಲ. ಹೆಚ್ಚು ರಕ್ತ ಹೋಗೂದು ಶೇ. 12ರಿಂದ 6.4ಕ್ಕ ಇಳೀತು. 2006ರಾಗ ಲ್ಯಾನ್ಸೆಟ್ ಪತ್ರಿಕೆದಾಗ ಬಂತು. ರಕ್ತ ಅಳಿಯಾಕ ಸೊಂಟದ ಕೆಳಗ ಹಾಸೂ ಪ್ಲಾಸ್ಟಿಕ್ ಹಾಳಿ, ತುದ್ಯಾಗ ಗೆರಿ ಎಳದ ಚೀಲ. ಹೋಲಿಸಿ ನೋಡಿದ್ರ ಕಣ್ಣಂದಾಜು ಚೀಲಕ್ಕಿಂತ ಶೇ. 33 ಕಡಿಮಿ ತೋರಸ್ತಿತ್ತು.

ಗಿರೀಶ ಮಾಮಾ (ಡಾಕ್ಟರ್): ಇದು ಒಳ್ಳೆ ಕೆಲಸ, ಒಪ್ಪುತ್ತೀನಿ. ಮುಂದೆ ‘ಇ-ಮೋಟಿವ್’ ಅನ್ನೋ ಪ್ರಯೋಗ ಬಂತಲ್ಲ, 2023ರಲ್ಲಿ.

ವಿನಯ: ಅದನ್ನ ಹೇಳೂದಿತ್ತು ಮಾಮಾ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾ, 80 ಆಸ್ಪತ್ರೆ, ಎರಡು ಲಕ್ಷದ ಮ್ಯಾಲ ಹೆರಿಗಿ. ಅಂಥದ ಅಳತಿ ಚೀಲ. ಗೆರಿ ದಾಟಿದ ಕೂಡ್ಲೆ ಹೊಟ್ಟಿ ತಿಕ್ಕೂದು, ಆಕ್ಸಿಟೋಸಿನ್, ರಕ್ತ ನಿಲ್ಲಿಸೂ ಔಷಧ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ಒಳಗ ಪರೀಕ್ಷಾ, ಎಲ್ಲಾ ಒಂದರ ಹಿಂದ ಒಂದಲ್ಲ, ಕೂಡೇ. ಮಾಡಿದಾವ್ರು ಹೆಚ್ಚಾಗಿ ಮಿಡ್‌ವೈಫ್‌ಗಳು. ವಿಪರೀತ ರಕ್ತಸ್ರಾವ, ಅದಕ್ಕಾಗಿ ಹೊಟ್ಟಿ ತೆರೆಯೂದು, ಇಲ್ಲಾ ಸಾವು, ಇವೆಲ್ಲಾ ಕೂಡಿ ಹಳೆ ಪದ್ಧತಿ ಕಡೆ ಶೇ. 4.3, ಹಿಂಗ ಮಾಡಿದ ಕಡೆ 1.6.

ಬಸು ಕಾಕಾ: ಬರೇ ಸಾವಿನ ಲೆಕ್ಕ ಹೇಳು. ಕೂಡಿಸಿ ಹೇಳಬ್ಯಾಡ.

ವಿನಯ: ಚೊಲೋ ಪ್ರಶ್ನೆ. ಸಾವೊಂದನ್ನ ತಗೊಂಡ್ರ ಎರಡೂ ಕಡೆ ಸಂಖ್ಯೆ ಸಣ್ಣದು, ಅದರ ಮ್ಯಾಲ ಗಟ್ಟಿಯಾಗಿ ಹೇಳಾಕ ಬರೂದಿಲ್ಲ.

ಬಸು ಕಾಕಾ: ಹಂಗಾದ್ರ ನನ್ನ ಸಂಶಯ ಇರ್ಲಿ.

ಶಾರದಾ: ಇರ್ಲಿ ಕಾಕಾ. ಆದ್ರ ಎರಡನ್ನೂ ಬಾಜು ಬಾಜು ಇಟ್ಟು ನೋಡ್ರಿ. ಉತ್ತರ ಪ್ರದೇಶದಾಗ ಪಟ್ಟಿ ಕೊಟ್ಟು ‘ನೆನಪಿಟ್ಟು ಮಾಡು’ ಅಂದ್ರು. ಇ-ಮೋಟಿವ್‌ದಾಗ ಚೀಲ, ಔಷಧದ ಟ್ರೇ, ಯಾವಾಗ ಯಾರನ್ನ ಕರೀಬೇಕು ಅನ್ನೂದು, ಎಲ್ಲಾ ಕೈಯಾಗ ಕೊಟ್ಟು ಕಲಿಸಿದ್ರು. ನನಗ ಬೇಕಾಗಿದ್ದೂ ಅದ. ಕಲಿಸ್ರಿ, ಸಾಮಾನು ಕೊಡ್ರಿ, ಮತ್ತ ಆ ಕೋಣ್ಯಾಗ ಇರಾಕ ಬಿಡ್ರಿ. ಕಣ್ಣಿನ ವಾರ್ಡಿಗೆ ಒಗೀಬ್ಯಾಡ್ರಿ.

ಗಿರೀಶ ಮಾಮಾ (ಡಾಕ್ಟರ್): ರೊಟೇಶನ್ ನಿಲ್ಲಬೇಕು ಅನ್ನೋದಕ್ಕೆ ನನ್ನ ಸಹಿ ಇದೆ. ಡಾಕ್ಟರ್ ಒಂದೇ ಕಟ್ಟಡದಲ್ಲಿ ಇಲ್ಲದ ಮಿಡ್‌ವೈಫ್ ಘಟಕಕ್ಕೆ ಇಲ್ಲ.

ಶಾರದಾ: ಅಂಥಾದ್ದು ನಾನೂ ಕೇಳಿಲ್ಲಲ್ಲ ಮಾಮಾ.

ಕಾವ್ಯಾ: ಎಲ್ಲಾರೂ ಜಗಳ ಮುಗಿಸಿದ್ರ ಒಂದ್ ಮಾತು. ನಾ ಎಲ್ಲಿ ಹಡೀಲಿ?

ಬಸು ಕಾಕಾ: ದೊಡ್ಡ ದವಾಖಾನಿ.

ಶಾರದಾ: ದೊಡ್ಡದೋ ಸಣ್ಣದೋ ಆಮ್ಯಾಲ. ಹೋಗಿ ಕೇಳು: ರಾತ್ರಿ ಎರಡಕ್ಕ ರಕ್ತ ಬೇಕಾದ್ರ ಎಲ್ಲಿಂದ ತರ್ತೀರಿ, ಎಷ್ಟೊತ್ತಿಗೆ? ಹಡದ ಮ್ಯಾಲ ಮೊದಲ ಎರಡು ತಾಸು ನನ್ನ ಬಾಜು ಯಾರ್ ಇರ್ತಾರ? ನಮ್ಮವ್ವನ್ನ ಒಳಗ ಬಿಡ್ತೀರೋ ಇಲ್ಲೋ? ರಕ್ತ ಹೆಂಗ ಅಳೀತೀರಿ? ಉತ್ತರ ಕೊಡಾಕ ಸಿಟ್ಟು ಮಾಡಿದ್ರ ಬ್ಯಾರೆ ದವಾಖಾನಿ ನೋಡು.

ಕಾವ್ಯಾ: ಗಿರೀಶ ಮಾಮಾ, ನಿಮ್ಮಲ್ಲಿ ಆ ಚೀಲ ಐತೇನ್ರಿ?

(ಗಿರೀಶ ಮಾಮಾ ಟೈಪ್ ಮಾಡಿದ್ರು, ನಿಲ್ಲಿಸಿದ್ರು, ಮತ್ತ ಟೈಪ್ ಮಾಡಿದ್ರು.)

ಗಿರೀಶ ಮಾಮಾ (ಡಾಕ್ಟರ್): ಸದ್ಯಕ್ಕೆ ಇಲ್ಲ. ನಮ್ಮ ಸಿಸ್ಟರ್‌ಗಳು ಅನುಭವಸ್ಥರು, ನೋಡಿದ್ರೇ ಗೊತ್ತಾಗುತ್ತೆ. ಸೋಮವಾರ ಸ್ಟೋರ್ಸ್‌ನಲ್ಲಿ ಕೇಳ್ತೀನಿ.

ಶಾರದಾ: ದವಾಖಾನಿ ನಿಮ್ಮದ, ಸಹಿ ಮಾಡಾವ್ರೂ ನೀವ. ಸ್ಟೋರ್ಸ್‌ನಾಗ ಏನ್ ಕೇಳ್ತೀರಿ ಮಾಮಾ?

ಲತಾ ವೈನಿ: ಕಾಫಿ ಮುಗೀತು. ಶಾರದಾ, ನೀನು ಇಳಿಯೋ ಸ್ಟಾಪ್ ದಾಟಿ ಹೋಯ್ತಾ ನೋಡ್ಕೋ.