ಸಹಾಯ ಬೇಕು: ತಾತನ ರ‍್ಯಾಲಿ ಸೈಕಲ್‌ಗೆ ಬಿಬಿ ಕಪ್

ಎಲ್ಲರಿಗೂ ನಮಸ್ಕಾರ. ತಾತನ ರ‍್ಯಾಲಿ (Raleigh) ಕಂಪನಿಯ ಸೈಕಲ್ಲನ್ನು ಕೊಟ್ಟಿಗೆಯಿಂದ ಆಚೆ ತೆಗೆದು ಬಿಚ್ಚಿದ್ದೇನೆ. ಸೀಮೆಎಣ್ಣೆ ಹಾಕಿ ಉಜ್ಜಿದಾಗ ಹಿಂದಿನ ಹಬ್ ಮೇಲೆ ‘ಸ್ಟರ್ಮಿ ಆರ್ಚರ್ ಎಡಬ್ಲ್ಯೂ 58’ ಅಂತ ಕಾಣಿಸಿತು. ಅಂದರೆ 1958ರ ಮೂರು ಗೇರಿನ ಹಬ್! ಚೈನ್‌ವೀಲಿನ ಮೂರು ಕೊಕ್ಕರೆ ಚಿತ್ರಗಳೂ (ಕಂಪನಿಯ ಗುರುತು) ಹಾಗೇ ಇವೆ.

ತೊಂದರೆ ಇರುವುದು ಪೆಡಲ್ ಆಕ್ಸಲ್‌ನಲ್ಲಿ. ಎಡಗಡೆ ಬಿಬಿ (ಬಾಟಮ್ ಬ್ರಾಕೆಟ್) ಕಪ್, ಅಂದರೆ ಆ ಆಕ್ಸಲ್‌ನ ಬೇರಿಂಗ್ ಗುಂಡುಗಳು ಕೂರುವ, ಫ್ರೇಮಿಗೆ ತಿರುಗಿಸಿ ಹಾಕುವ ಬಟ್ಟಲು, ಸವೆದು ಗುಳಿ ಬಿದ್ದಿದೆ. ಅಂಗಡಿಯಲ್ಲಿ ಸಿಕ್ಕಿದ್ದು ಇಂಚಿಗೆ 24 ಥ್ರೆಡ್‌ನದು, ಇದಕ್ಕೆ 26 ಬೇಕು. ಮೆಕ್ಯಾನಿಕ್ ಒಬ್ಬರು ಅದನ್ನೇ ಬಲವಾಗಿ ತಿರುಗಿಸಿ ಕೂರಿಸುತ್ತೇನೆ ಅಂದರು. ಬೇಡ ಅಂದೆ. ಸುಮ್ನೆ ಫ್ರೇಮಿನ ಥ್ರೆಡ್ಡೇ ಹೋಗಿಬಿಡುತ್ತೆ ಅಲ್ವಾ?

ಯಾರ ಹತ್ತಿರವಾದರೂ ಹಳೆ ಕಪ್ ಇದೆಯಾ? ಮೈಸೂರು, ಮಂಡ್ಯ ಕಡೆ ಲೇತ್‌ನಲ್ಲಿ ಮಾಡಿಕೊಡುವವರು ಗೊತ್ತಿದ್ದರೂ ದಯವಿಟ್ಟು ತಿಳಿಸಿ. 9.5 ಮಿ.ಮೀ. ಕಾಟರ್ ಪಿನ್ (ಪೆಡಲ್ ಕ್ರ್ಯಾಂಕನ್ನು ಆಕ್ಸಲ್‌ಗೆ ಬಿಗಿಯುವ ಪಿನ್) ಕೂಡ ಒಂದು ಜೊತೆ ಬೇಕು. ಬೆಲೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.